ಪಡುವಣ ದಂಡಿನ ನೇಕಾರರು

ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಮೂವತ್ತೊಂದು ವರ್ಷ ರಟ್ಟು ಹೊಡೆದವನು ನಾನು. ಹಾಗೆಂದರೇನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಸೀರೆಯ ಸೆರಗಿನಲ್ಲಿ ನವಿಲೋ ಮಾವಿನಕಾಯಿಯೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ ಕೂರಬೇಕು. ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಆ ಪೆಟ್ಟಿಗೆಗೆ ಹೇಳುವುದು ತೂತು ಬಿದ್ದ ರಟ್ಟು. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಎಳೆ ಏಳುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ಸರಿಯುತ್ತದೆ, ಎಳೆ ಅಲ್ಲೇ ಮಲಗಿರುತ್ತದೆ. ಲಾಳಿ ಒಮ್ಮೆ ಓಡಿದರೆ ಒಂದು ರಟ್ಟು ಮುಗಿಯಿತು. ಒಂದು ದೊಡ್ಡ ಸೆರಗಿಗೆ ಸಾವಿರಗಟ್ಟಲೆ ರಟ್ಟು ಬೇಕು, ಎಲ್ಲವನ್ನೂ ದಾರದಲ್ಲಿ ಸರಪಳಿಯಂತೆ ಪೋಣಿಸಬೇಕು. ಒಂದು ತೂತು ತಪ್ಪಿದರೂ ನವಿಲಿಗೆ ಕೊಕ್ಕು ಇರುವುದಿಲ್ಲ, ನೇಕಾರ ನನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಚೈತ್ರದಲ್ಲಿ ನನ್ನನ್ನು ಕರೆಸಿಕೊಂಡಳು. ಕ್ಯೋಟೋದಲ್ಲಿ ಎರಡು ದಿನ ದೇವಸ್ಥಾನ ನೋಡಿ ನನ್ನ ಕಾಲು ಸೋತಿತ್ತು. ಮೂರನೇ ಬೆಳಿಗ್ಗೆ, "ಅಪ್ಪಾ, ಇವತ್ತು ದೇವರಿಲ್ಲ, ಮಗ್ಗ" ಅಂದಳು. ನಿಶಿಜಿನ್ ಎಂಬ ನೇಕಾರರ ಕೇರಿಯಲ್ಲಿ ಅರ್ಧ ದಿನದ ನಡಿಗೆ. ತೋರಿಸುವವರು ಎಪ್ಪತ್ತು ದಾಟಿದ ಹೆಂಗಸು, ಮದುವೆಯಾದಾಗಿನಿಂದ ಮನೆಯಲ್ಲೇ ಕೂಲಿಗೆ ಓಬಿ ನೇಯ್ದವರು. ಓಬಿ ಎಂದರೆ ಕಿಮೋನೋದ ಮೇಲೆ ಸುತ್ತುವ ಅಗಲವಾದ ನಡುಪಟ್ಟಿ, ಈ ಕೇರಿಯ ಹೆಸರು ಉಳಿದಿರುವುದೇ ಅದರಿಂದ. ಅವರು ಜಪಾನಿಯಲ್ಲಿ ಹೇಳುವುದು, ಮಗಳು ಕನ್ನಡಕ್ಕೆ ತಿರುಗಿಸುವುದು. ಮಗ್ಗದ ಮಾತು ಬಂದಾಗ ಮಾತ್ರ ಮಗಳು ತಡವರಿಸುತ್ತಿದ್ದಳು. ಆಗ ನಾವಿಬ್ಬರು ಮುದುಕರು ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದೆವು.

ಹೊರಿಕಾವಾ ಮತ್ತು ಇಮಾದೆಗಾವಾ ಬೀದಿಗಳು ಕೂಡುವಲ್ಲಿಂದ ಹೊರಟೆವು. ಅಲ್ಲೊಂದು ದೊಡ್ಡ ಜವಳಿ ಭವನವಿದೆ, ಕಿಮೋನೋ ತೊಟ್ಟ ಹುಡುಗಿಯರನ್ನು ನಡೆಸಿ ತೋರಿಸುತ್ತಾರೆ. ಆಕೆ ಅದರೊಳಗೆ ಹೋಗದೆ ಬಡಗಣ ಗಲ್ಲಿಗೆ ತಿರುಗಿ ಒಂದು ಕಲ್ಲಿನ ಮುಂದೆ ನಿಲ್ಲಿಸಿದರು. ಯಾಮಾನಾ ಸೋಝೆನ್ ಎಂಬ ಸರದಾರನ ಮನೆ ಇದ್ದ ಜಾಗವಂತೆ. 1467ರಲ್ಲಿ, ದೇಶ ಆಳುವ ದಂಡನಾಯಕನಾದ ಶೋಗನ್ ಗಾದಿಯ ಉತ್ತರಾಧಿಕಾರದ ಜಗಳ ಯುದ್ಧವಾಗಿ ಹತ್ತಿಕೊಂಡಾಗ ಹೊಸೊಕಾವಾ ಕತ್ಸುಮೊತೊ ಊರಿನ ಮೂಡಣ ಕಡೆ ಬೀಡು ಬಿಟ್ಟ, ಯಾಮಾನಾ ಪಡುವಣ ಕಡೆ. ಇಬ್ಬರೂ 1473ರಲ್ಲೇ ಸತ್ತರು. ಜಗಳ ಮಾತ್ರ 1477ರವರೆಗೆ ನಡೆಯಿತು, ಅಷ್ಟರಲ್ಲಿ ಕ್ಯೋಟೋದ ಬಹುಪಾಲು ಬೂದಿಯಾಗಿತ್ತು. ನಿಶಿ ಎಂದರೆ ಪಡುವಣ, ಜಿನ್ ಎಂದರೆ ಸೈನ್ಯದ ಬೀಡು.

"ಅಂದರೆ ದಂಡು!" ಎಂದೆ. ಮಗಳು ನಕ್ಕಳು. ಬೆಂಗಳೂರಿನವರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ, ಪೇಟೆ ಒಂದು ಕಡೆ, ದಂಡು ಒಂದು ಕಡೆ. ನಮ್ಮ ಕೇರಿಯ ಹೆಸರಾದರೂ ಏನು? 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ದು, ಆತನೂ ಸೈನ್ಯದ ಮನುಷ್ಯ. ಲಾಳಿ ಹಿಡಿದವರ ಕೇರಿಗೆ ಕತ್ತಿ ಹಿಡಿದವರ ಹೆಸರು. ಅಲ್ಲೂ ಹಾಗೇ, ಇಲ್ಲೂ ಹಾಗೇ.

ನೇಕಾರರು ಆ ದಂಡಿನ ಜಾಗಕ್ಕೆ ಹೇಗೆ ಬಂದರು ಎಂಬುದನ್ನು ಆಕೆ ನಡೆಯುತ್ತ ಹೇಳಿದರು. ಐದು–ಆರನೇ ಶತಮಾನದಲ್ಲಿ ಕಡಲಾಚೆಯಿಂದ ಬಂದು ಕ್ಯೋಟೋ ಬಯಲಿನಲ್ಲಿ ನೆಲೆಸಿದ ಹತಾ ಮನೆತನದವರು ರೇಷ್ಮೆಹುಳು ಸಾಕುವುದನ್ನೂ ನೇಯುವುದನ್ನೂ ಇಲ್ಲಿ ಬೇರೂರಿಸಿದರು. ಮುಂದೆ ಕ್ಯೋಟೋ ರಾಜಧಾನಿಯಾದಾಗ ಅರಮನೆಗೆ ನೇಯುವುದಕ್ಕೆಂದೇ ಸರ್ಕಾರಿ ಕಚೇರಿ ಇತ್ತು. ಅರಮನೆ ಬಡವಾದಂತೆ ಕಚೇರಿಯೂ ಸೊರಗಿತು, ನೇಕಾರರು ತಾವೇ ಕೂಟ ಕಟ್ಟಿಕೊಂಡು ಹೊರಗಿನವರಿಗೂ ನೇಯ್ದು ಬದುಕಿದರು. ಯುದ್ಧ ಬಂದಾಗ ಸಕಾಯಿ ಮೊದಲಾದ ಊರುಗಳಿಗೆ ಓಡಿದರು. ಸಕಾಯಿ ಬಂದರು, ಚೀನಾ ವ್ಯಾಪಾರದ ಹಡಗು ಬರುವ ಜಾಗ. ಅಲ್ಲಿ ಮಿಂಗ್ ಕಾಲದ ಚೀನಾ ನೇಯ್ಗೆಯನ್ನು ಕಂಡು ಕಲಿತರು. ಹಿಂದಿರುಗಿದಾಗ ಮನೆಗಳಿದ್ದ ಕಡೆ ಮನೆಗಳಿರಲಿಲ್ಲ. ಸೈನ್ಯ ಎದ್ದುಹೋದ ಪಡುವಣ ದಂಡಿನ ಬಯಲು ಖಾಲಿ ಬಿದ್ದಿತ್ತು. ಅಲ್ಲೇ ಮಗ್ಗ ಹೂಡಿದರು.

ಇಮಾದೆಗಾವಾ ಬೀದಿಗೆ ಒಮಿಯಾ ಬೀದಿ ಅಡ್ಡ ಬರುವ ಚೌಕಕ್ಕೆ ಸೆನ್ರ್ಯೋಗತ್ಸುಜಿ ಎಂದು ಹೆಸರು, ಸಾವಿರ ರ್ಯೋ ಚೌಕ. ರ್ಯೋ ಎಂದರೆ ಚಿನ್ನದ ನಾಣ್ಯ. ದಿನಕ್ಕೆ ಸಾವಿರ ರ್ಯೋ ಬೆಲೆಯ ರೇಷ್ಮೆ, ಬಟ್ಟೆ ಕೈ ಬದಲಾಗುತ್ತಿತ್ತಂತೆ. ಈಗ ಒಂದು ಸೈಕಲ್ ಹಾದುಹೋಯಿತು. ಚೌಕದ ಬಳಿ 1914ರಲ್ಲಿ ಮೋತೋನೋ ಸೇಗೋ ಎಂಬ ವಾಸ್ತುಶಿಲ್ಪಿ ಕಟ್ಟಿದ ಜವಳಿ ಪ್ರದರ್ಶನ ಮಂದಿರವಿದೆ, ಆ ಕಾಲಕ್ಕೆ ತೀರಾ ಹೊಸ ಬಗೆಯದು. ಈಗ ಅದು ಊರಿನ ಪುರಾತತ್ವ ವಸ್ತುಸಂಗ್ರಹಾಲಯ. ಬಟ್ಟೆ ತೋರಿಸುತ್ತಿದ್ದ ಕಡೆ ಮಡಕೆಚೂರು ತೋರಿಸುತ್ತಾರೆ. ನಾನು ಒಳಗೆ ಹೋಗಲಿಲ್ಲ.

ನನಗೆ ಬೇಕಾಗಿದ್ದುದು ಮನೆಗಳು. ಬೀದಿಗೆ ಕಿರಿದಾದ ಮುಖ, ಹಿಂದಕ್ಕೆ ರೈಲು ಡಬ್ಬಿಯಂತೆ ಉದ್ದ. ಹಾವುಮೀನಿನ ಹಾಸಿಗೆ ಎಂದು ಅವರೇ ಗೇಲಿ ಮಾಡಿಕೊಳ್ಳುತ್ತಾರೆ. ಮುಂದೆ ವ್ಯಾಪಾರ, ನಡುವೆ ವಾಸ, ಹಿಂದುಗಡೆ ಮಗ್ಗ. ಮಗ್ಗದ ಕೋಣೆಗೆ ಮಾಳಿಗೆ ಇಲ್ಲ, ತಲೆಯೆತ್ತಿದರೆ ತೊಲೆ, ಮೇಲೊಂದು ಬೆಳಕಿಂಡಿ. ನೆಲ ಮಣ್ಣಿನದು. ಆಕೆಯ ಪರಿಚಯದ ಒಂದು ಮನೆಯೊಳಗೆ ಬಗ್ಗಿ ಕಾಲಿಟ್ಟಾಗ ನಾನು ಮೊದಲು ನೋಡಿದ್ದು ಮಗ್ಗವನ್ನಲ್ಲ, ಅದರ ಕೆಳಗಿನ ಗುಂಡಿಯನ್ನು. ನೆಲ ತೋಡಿ ಮಗ್ಗ ಇಳಿಸಿದ್ದರು.

ನಮ್ಮಪ್ಪ ಕುಣಿಮಗ್ಗದವರು. ಸೊಂಟದವರೆಗೆ ಗುಂಡಿಯಲ್ಲಿ ಇಳಿದು ಕೂತು ಕಾಲಿನಿಂದ ಪಾವಟಿಗೆ ತುಳಿಯುತ್ತಿದ್ದರು. ಮಣ್ಣಿನ ತಂಪಿಗೆ ರೇಷ್ಮೆ ಎಳೆ ತುಂಡಾಗುವುದಿಲ್ಲ ಎನ್ನುತ್ತಿದ್ದರು. ಇಲ್ಲಿ ಗುಂಡಿ ಯಾಕೆ ಎಂದು ಮಗಳ ಮೂಲಕ ಕೇಳಿಸಿದೆ. ಎರಡು ಕಾರಣ ಬಂತು: ಜಕಾರ್ಡ್ ಪೆಟ್ಟಿಗೆ ಎತ್ತರ, ಸೂರಿಗೆ ತಗಲುತ್ತದೆ, ಅದಕ್ಕೆ ಮಗ್ಗವನ್ನೇ ಇಳಿಸಬೇಕು, ಮತ್ತೆ ನೆಲದ ತೇವ, ಎಳೆಗೆ ಒಳ್ಳೆಯದು. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು. ಆಕೆಗೆ ನಮಸ್ಕಾರ ಮಾಡಿದೆ, ಯಾಕೆಂದು ಆಕೆಗೆ ತಿಳಿಯಲಿಲ್ಲ.

ಜಕಾರ್ಡ್ ಬರುವ ಮುನ್ನ ಇಲ್ಲಿ ಇದ್ದದ್ದು ಸೊರಾಬಿಕಿ ಮಗ್ಗ. ಕೆಳಗೆ ನೇಕಾರ, ಮಗ್ಗದ ಮೇಲಿನ ಅಟ್ಟದಲ್ಲಿ ಇನ್ನೊಬ್ಬ. ಚಿತ್ರಕ್ಕೆ ತಕ್ಕಂತೆ ಹುರಿಗಳ ಗೊಂಚಲು ಎಳೆದು ಹಿಡಿಯುವುದು ಮೇಲಿನವನ ಕೆಲಸ. ಕೆಳಗಿನವನು ಲಾಳಿ ಎಸೆಯುವವರೆಗೆ ಬಿಡುವ ಹಾಗಿಲ್ಲ. ಹಳೆಯ ಚಿತ್ರಗಳಲ್ಲಿ ನೋಡಿದರೆ ಅಲ್ಲಿ ಕೂತವನ ಮುಖ ಕಾಣುವುದಿಲ್ಲ, ಹುರಿಗಳೇ ಕಾಣುತ್ತವೆ. ನಮ್ಮ ತಾತ ಹುಡುಗನಾಗಿದ್ದಾಗ ಇಂಥದೇ ಕೆಲಸಕ್ಕೆ ಮಗ್ಗದ ಪಕ್ಕ ಕೂತವರು. ಸಂಜೆ ಊಟಕ್ಕೆ ಕೂತರೆ ಬೆರಳು ಮಡಚುತ್ತಿರಲಿಲ್ಲವಂತೆ. ಬಟ್ಟೆ ಹೊಗಳುವವರು ಆ ಅಟ್ಟದವನ ಸುದ್ದಿ ಎತ್ತುವುದಿಲ್ಲ.

ಕೇರಿ ಸುಲಭವಾಗಿ ಬಾಳಿಲ್ಲ. 1730ರ ಬೆಂಕಿಯಲ್ಲಿ ಸುಮಾರು 3,000 ಮಗ್ಗ ಸುಟ್ಟುಹೋದವು. 1788ರಲ್ಲಿ ಊರಿಗೂರೇ ಹೊತ್ತಿ ಉರಿಯಿತು. 1840ರ ದಶಕದ ಆರಂಭದಲ್ಲಿ ಶೋಗನ್ ಸರ್ಕಾರ ಬೆಲೆಬಾಳುವ ರೇಷ್ಮೆ ಉಡಬಾರದೆಂದು ಕಟ್ಟಪ್ಪಣೆ ಹೊರಡಿಸಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1869ರಲ್ಲಿ. ಚಕ್ರವರ್ತಿ ಟೋಕಿಯೋಗೆ ಹೋದರು, ಆಸ್ಥಾನವೂ ಹಿಂದೆಯೇ ಹೋಯಿತು. ಸಾವಿರ ವರ್ಷದ ಗಿರಾಕಿಗಳು ಗಂಟುಮೂಟೆ ಕಟ್ಟಿದ ಮೇಲೆ ಉಳಿದದ್ದು ಮಗ್ಗ ಮತ್ತು ಬಾಯಿಗಳು.

ಕ್ಯೋಟೋದ ಆಡಳಿತ ಆಗ ಮಾಡಿದ್ದು ನನ್ನ ಮಟ್ಟಿಗೆ ಈ ನಡಿಗೆಯ ಮುಖ್ಯ ಕತೆ. ಆಕೆ ಅದನ್ನು ಎರಡೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೊರಟಾಗ ತೋಳು ಹಿಡಿದು ನಿಲ್ಲಿಸಿದೆ. 1872ರಲ್ಲಿ ಮೂವರನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕಳಿಸಿದರು: ಸಕುರಾ ತ್ಸುನೆಶಿಚಿ, ಇನೊಉಎ ಇಹೇ, ಯೋಶಿದಾ ಚೂಶಿಚಿ. ಇವರು ದೊರೆಗಳಲ್ಲ, ವಿದ್ವಾಂಸರಲ್ಲ, ಮಗ್ಗದ ಕಸುಬಿನವರು. ಲಿಯೋನ್ ಎಂದರೆ ಜೋಸೆಫ್ ಮರಿ ಜಕಾರ್ಡ್‌ನ ಊರು, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರಟ್ಟಿನ ಮಗ್ಗ ಹುಟ್ಟಿದ ಜಾಗ. ಸಕುರಾ ಮತ್ತು ಇನೊಉಎ ಜಕಾರ್ಡ್ ಪೆಟ್ಟಿಗೆಯನ್ನೂ ಹಾರುಲಾಳಿಯನ್ನೂ ಹೊತ್ತು ಹಿಂದಿರುಗಿದರು. ಯೋಶಿದಾ ಇನ್ನಷ್ಟು ಕಲಿಯುತ್ತೇನೆಂದು ಉಳಿದ. 1874ರ ಮಾರ್ಚಿನಲ್ಲಿ ಆತನಿದ್ದ ಫ್ರೆಂಚ್ ಹಡಗು ನೀಲ್ ಇಝು ತೀರದ ಬಳಿ ಬಂಡೆಗೆ ಬಡಿದು ಮುಳುಗಿತು. ವಿಯೆನ್ನಾದ ವಿಶ್ವ ಪ್ರದರ್ಶನಕ್ಕೆ ಹೋಗಿದ್ದ ಜಪಾನಿನ ಸಾಮಾನುಗಳೂ ಅದರಲ್ಲೇ ಇದ್ದವು. ಅರ್ಧ ಭೂಮಿ ಸುತ್ತಿ ಬಂದವನು ತನ್ನ ದೇಶದ ದಡ ಕಾಣುವಷ್ಟು ದೂರದಲ್ಲಿ ಹೋದ.

ಅವನ ತಲೆಯಲ್ಲಿ ಏನಿತ್ತು? ಆ ಎರಡು ವರ್ಷದಲ್ಲಿ ಏನು ಕಲಿತಿದ್ದ? ರಟ್ಟಿನ ಕೆಲಸ ಕಣ್ಣಿಂದ ಕಲಿಯುವಂಥದಲ್ಲ, ಕೈ ತಪ್ಪಿ ತಪ್ಪಿ ಕಲಿಯಬೇಕು. ಕಲಿತ ಕೈಯೇ ನೀರಿಗೆ ಹೋಯಿತು. ಉಳಿದಿಬ್ಬರು ತಂದ ಪೆಟ್ಟಿಗೆಯನ್ನು ನೋಡಿ 1877ರಲ್ಲಿ ಅರಾಕಿ ಕೊಹೇ ಎಂಬ ಮಗ್ಗದ ಬಡಗಿ ಮರದಲ್ಲೇ ಜಕಾರ್ಡ್ ಮಾಡಿಬಿಟ್ಟ. ಅಲ್ಲಿಂದ ಕೇರಿ ಮತ್ತೆ ಎದ್ದಿತು, ಅಟ್ಟದ ಮೇಲಿನವನು ಇಳಿದ. ಇಳಿದವನು ಎಲ್ಲಿ ಹೋದ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ರಟ್ಟು ಹೊಡೆಯಲು ಹೋಗಿರಬೇಕು ಎಂದರು. ನನ್ನ ಕಸುಬು ಹೇಳಿದ ಮೇಲೆ ಆಕೆ ಹುಟ್ಟಿಸಿದ ಉತ್ತರ ಅದು, ಇರಲಿ.

ಜೋಫುಕುಜಿ ಬೀದಿಯ ಕಡೆ ಒಂದು ನೇಯ್ಗೆಯ ವಸ್ತುಸಂಗ್ರಹಾಲಯವಿದೆ, ಓರಿನಾಸುಕಾನ್. 1936ರಲ್ಲಿ ಓಬಿ ವ್ಯಾಪಾರಿಯೊಬ್ಬರು ಕಟ್ಟಿಸಿದ ಮನೆ. ಅಲ್ಲಿ ಅಷ್ಟೇನೂ ಹೊತ್ತು ಹೋಗಲಿಲ್ಲ. ಸ್ವಲ್ಪ ದಕ್ಷಿಣಕ್ಕೆ ಬಂದರೆ ತತ್ಸುಮಿ ಎಂಬ ಪುಟ್ಟ ಉದ್ಯಾನ, ಮಕ್ಕಳ ಜಾರುಬಂಡೆಯ ಬಳಿ ಒಂದು ಸ್ಮಾರಕ. ಕ್ಯೋಟೋ ಮೇಲೆ ಬಾಂಬು ಬೀಳಲಿಲ್ಲ ಎಂದೇ ನಾನು ನಂಬಿದ್ದೆ. 1945ರ ಜೂನ್ 26ರಂದು ನಿಶಿಜಿನ್ ಮೇಲೆ ಬಿದ್ದಿತ್ತು, 40ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಐದು ವರ್ಷ ಮುಂಚೆ, 1940ರ ಜುಲೈ 7ರಂದು, ಯುದ್ಧದ ಸರ್ಕಾರ ಆಡಂಬರದ ವಸ್ತುಗಳನ್ನು ಮಾಡಬಾರದು, ಮಾರಬಾರದು ಎಂದು ನಿಷೇಧ ತಂದಿತ್ತು. ಜುಲೈ 7 ಜಪಾನಿನಲ್ಲಿ ತನಾಬಾತಾ ಹಬ್ಬ, ಆಕಾಶದ ನೇಕಾರ ಹೆಣ್ಣು ನಲ್ಲನನ್ನು ಸೇರುವ ದಿನ. ಅಂದೇ ಭೂಮಿಯ ಮೇಲಿನ ಮಗ್ಗಗಳ ಬಾಯಿ ಕಟ್ಟಿದ್ದರು.

ಯುದ್ಧದ ನಂತರದ ಒಂದು ಕಾಲಕ್ಕೆ ಜಪಾನಿನ ಜವಳಿಯವರು ಗಾಚಾಮಾನ್ ಎಂಬ ಹೆಸರಿಟ್ಟಿದ್ದಾರೆ: ಮಗ್ಗ ಗಾಚ ಎಂದು ಒಮ್ಮೆ ಸದ್ದು ಮಾಡಿದರೆ ಹತ್ತು ಸಾವಿರ ಯೆನ್. ಆಗ ಪಕ್ಕದ ಕಾಮಿಶಿಚಿಕೆನ್‌ನ ಗೇಯಿಷಾ ಕೇರಿಯಲ್ಲಿ ದೀಪ ಆರುತ್ತಿರಲಿಲ್ಲ, ನಿಶಿಜಿನ್ ಯಜಮಾನರೇ ಅಲ್ಲಿನ ದೊಡ್ಡ ಗಿರಾಕಿಗಳು. ನೇಯ್ದವರಿಗೆ ಎಷ್ಟು ಸಿಕ್ಕಿತು ಎಂದೆ. ಆಕೆ ಕೈಬೆರಳಿನ ತುದಿ ಹಿಡಿದು ತೋರಿಸಿದರು, ಇಷ್ಟು. ಯಜಮಾನ ನೂಲು, ರಟ್ಟು ಕಳಿಸುತ್ತಾನೆ, ಮನೆಯವರು ನೇಯ್ದು ಕೊಡುತ್ತಾರೆ, ಕೂಲಿ ಅಳತೆಯ ಮೇಲೆ. ನೂಲಿಗೆ ಬಣ್ಣ ಒಂದು ಮನೆಯಲ್ಲಿ, ಹಾಸು ಇನ್ನೊಂದರಲ್ಲಿ, ಚೌಕುಳಿ ಕಾಗದದ ಮೇಲೆ ಚಿತ್ರ ಬರೆಯುವುದು ಮತ್ತೊಂದರಲ್ಲಿ. ಕಬ್ಬನ್‌ಪೇಟೆಯ ಗಲ್ಲಿಗಳೂ ಹಾಗೇ ಇದ್ದವು. ಒಂದು ಮನೆ ಬೀಗ ಹಾಕಿದರೆ ಸರಪಳಿಯ ಕೊಂಡಿಯೊಂದು ಕಳಚಿದಂತೆ.

ಕಳಚುತ್ತಲೇ ಇದೆ. ಕಿಮೋನೋ ಉಡುವವರಿಲ್ಲ. ರಟ್ಟಿನ ಜಾಗಕ್ಕೆ ಫ್ಲಾಪಿ ಬಂತು. ಆ ಫ್ಲಾಪಿಯನ್ನು ಮಾಡುವವರೇ ಈಗ ಇಲ್ಲ, ಇದ್ದ ಹಳೆಯದನ್ನೇ ಜೋಪಾನ ಮಾಡಿಕೊಂಡು ನೇಯುತ್ತಿದ್ದಾರೆ. ಇದನ್ನು ಕೇಳಿ ನನಗೆ ಸ್ವಲ್ಪ ಖುಷಿಯಾಯಿತು ಎಂದರೆ ಕ್ಷಮಿಸಬೇಕು. ನನ್ನ ಅನ್ನ ಕಿತ್ತುಕೊಂಡದ್ದೂ ಕಂಪ್ಯೂಟರೇ.

ಸಾರಾಸಾ ಎಂಬ ಹೋಟೆಲಿನಲ್ಲಿ ಕೂತೆವು. ಅದು ಹಿಂದೆ ಕೇರಿಯ ಸ್ನಾನದ ಮನೆ, ಗೋಡೆ ತುಂಬ ಬಣ್ಣದ ಹೆಂಚು. ಜಪಾನಿಯಲ್ಲಿ ಸಾರಾಸಾ ಎಂದರೆ ನಮ್ಮ ದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಅಚ್ಚಿನ ಹತ್ತಿಬಟ್ಟೆ. ನಾನೂ ಒಂದು ಋಣದ ಮಾತು ಹೇಳಿದೆ: ಬೆಂಗಳೂರಿನ ಬಸವನಗುಡಿಯಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆ ಇದೆ, 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ಜಪಾನಿನಿಂದ ಬಲ್ಲವರನ್ನು ಕರೆಸಿ ಅಲ್ಲಿ ರೇಷ್ಮೆ ಸಾಕಣೆ ಕಲಿಸಿದರು, ನೂರು ವರ್ಷದ ಮೇಲೆ ಜಪಾನಿನವರು ಮತ್ತೆ ಮೈಸೂರಿಗೆ ಬಂದು ಬಿಳಿ ಗೂಡಿನ ಹುಳುತಳಿಗಳ ಕೆಲಸಕ್ಕೆ ಕೈಜೋಡಿಸಿದರು. ಆಕೆಗೆ ಅದು ಗೊತ್ತಿರಲಿಲ್ಲ. ಚಹಾದ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಹೊರಡುವಾಗ ಆಕೆ ಚೀಲದಿಂದ ಒಂದು ರಟ್ಟು ತೆಗೆದು ಕೊಟ್ಟರು, ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳಿ ಎಂದು. ಸರಪಳಿಯಿಂದ ಕಿತ್ತದ್ದು, ಅಂಚಿನಲ್ಲಿ ದಾರದ ತುಣುಕು ಇನ್ನೂ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ಬೆರಳಾಡಿಸಿದೆ. "ಏನು ಚಿತ್ರ ಅಪ್ಪಾ?" ಅಂದಳು ಮಗಳು. ಎರಡೂ ತುದಿಯಲ್ಲಿ ಒಂದೇ ಲೆಕ್ಕದ ತೂತು, ಅದು ಅಂಚು. ನಡುವೆ ಒಂದು ಬಿಟ್ಟು ಒಂದು, ಅದು ಒಡಲು. ಬಲಕ್ಕೆ ಹನ್ನೊಂದು ತೂತು ಒತ್ತೊತ್ತಾಗಿ ಬಿದ್ದಿದ್ದವು. ಎಲೆ ಶುರುವಾಗುತ್ತಿರಬಹುದು, ರೆಕ್ಕೆ ಮುಗಿಯುತ್ತಿರಬಹುದು. ಇದರ ಮುಂದಿನ ರಟ್ಟು ಇದೆಯೇ ಎಂದು ಕೇಳು ಅಂದೆ.