ಕೂಗಿಗೆ ಓಗೊಟ್ಟವರು

ದೂರವನ್ನು ಅಳೆಯುವುದಕ್ಕೆ ನಮ್ಮಲ್ಲಿ ಹರದಾರಿ, ಗಾವುದ ಎಂಬ ಮಾತುಗಳಿರುವಂತೆ ಕೂಗಳತೆ ಎಂಬ ಮಾತೂ ಇದೆ. ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮನೆಗಳು ಒಂದರಿಂದೊಂದು ದೂರ. ನಡುವೆ ಗದ್ದೆ, ತೋಟ, ಹಳ್ಳ. ಒಂದು ಮನೆಯ ಅಂಗಳದಿಂದ ಹೊರಟ ‘ಕೂ’ ಎಂಬ ದನಿ ಎಲ್ಲಿಯವರೆಗೆ ಮುಟ್ಟುವುದೋ ಅಲ್ಲಿಯವರೆಗೆ ನೆರೆಹೊರೆ. ಈ ಅಳತೆಯ ಬೆಲೆಯನ್ನು ನಾನು ಹುಡುಗನಾಗಿದ್ದಾಗಲೇ ಕಂಡೆ.

ಆಲೂರು ಕಡೆಯ ನಮ್ಮ ಊರಿನಲ್ಲಿ ಒಂದು ಸಂಜೆ ಹುಲ್ಲಿನ ಬಣವೆಗೆ ಬೆಂಕಿ ಹತ್ತಿತು. ಯಾರೋ ಕೂಗು ಹಾಕಿದರು. ಆಚೆ ದಿಬ್ಬದವರು ಅದನ್ನೆತ್ತಿಕೊಂಡು ಮುಂದಿನವರಿಗೆ ಕೂಗಿದರು. ಕೊಡ, ಬಾನಿ, ಸೊಪ್ಪು ಕಡಿಯುವ ಕತ್ತಿ, ಹೀಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ಜನ ಬಂದರು. ಬಣವೆ ಉಳಿಯದೆಂದು ಹಿರಿಯರೊಬ್ಬರು ನೋಡಿದೊಡನೆ ಹೇಳಿ, ನೀರನ್ನೆಲ್ಲ ಪಕ್ಕದ ಕೊಟ್ಟಿಗೆಯ ಸೂರಿಗೆ ಹಾಕಿಸಿದರು. ಕೊಟ್ಟಿಗೆ ಉಳಿಯಿತು. ಪಟ್ಟಣದಿಂದ ಬಂದ ಎಂಜಿನ್ನಿಗೆ ಉಳಿದದ್ದು ಬೂದಿಗೆ ನೀರೆರೆಯುವ ಕೆಲಸ. ಅದು ಅವರ ತಪ್ಪೆನ್ನಲಾರೆ, ದಾರಿ ಅಂಥದು.

ಹೀಗೆ ಓಡಿಬರುವುದು ಬರಿಯ ಸೌಜನ್ಯವೆಂದು ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಬದಲಿಸಿದ್ದು ಕೌಟಿಲ್ಯನ ಅರ್ಥಶಾಸ್ತ್ರ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಗ್ರಂಥಾಲಯಕ್ಕೆ ಒಪ್ಪಿಸಿದ ಆ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅಷ್ಟರಮಟ್ಟಿಗೆ ಅದು ನಮ್ಮದೂ ಹೌದು. ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವೆಡೆಯಲ್ಲಿ ಬೇಸಗೆಯ ಬೆಂಕಿಯ ವಿಚಾರ ಬರುತ್ತದೆ. ಮನೆಮನೆಯಲ್ಲೂ ನೀರಿನ ಗಡಿಗೆಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಚೀಲ ಇರಬೇಕು. ಹುಲ್ಲಿನ ಹೊದಿಕೆ ತೆಗೆಯಬೇಕು. ಬೆಂಕಿ ಬಿದ್ದೆಡೆಗೆ ಓಡಿಬಾರದ ಮನೆಯೊಡೆಯನಿಗೆ 12 ಪಣ ದಂಡ, ಬಾಡಿಗೆಗಿದ್ದವನಿಗೆ 6 ಪಣ. ಬಾಡಿಗೆಯವನಿಗೆ ತೋರಿಸಿದ ಈ ಅರೆಪಾಲು ಕರುಣೆ ನನಗೆ ಈಗಲೂ ನಗು ತರಿಸುತ್ತದೆ. ಆದರೆ ಲೆಕ್ಕ ಖಚಿತವಾಗಿದೆ: ಊರಿನಲ್ಲಿ ಯಾರ ಪಾಲು ಎಷ್ಟೋ ಅವರ ಓಟವೂ ಅಷ್ಟು.

ಸಂಬಳದ ಕಾವಲುಪಡೆಯೂ ಹೊಸದಲ್ಲ. ರೋಮಿನಲ್ಲಿ ಆಗಸ್ಟಸನು ಕ್ರಿ.ಶ. 6ರಲ್ಲೇ ಅಂಥದೊಂದನ್ನು ಕಟ್ಟಿದ್ದ. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಕಟ್ಟಿದ್ದು ಸ್ವಯಂಸೇವಕರ ಸಂಘ. ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಇಂದಿಗೂ ಬೇರೆ ಬೇರೆ ಕಸುಬಿನವರು ಕರೆ ಬಂದೊಡನೆ ಕೈಯ ಕೆಲಸ ಬಿಟ್ಟು ಠಾಣೆಗೆ ಧಾವಿಸುತ್ತಾರೆ; ಅದಕ್ಕೆ ಅವರಿಗೆ ಸಂಭಾವನೆಯುಂಟು. ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳದ ಕಾಯಿದೆ ಬಂದದ್ದು 1964ರಲ್ಲಿ. ಆ ದಳ ಪೂರ್ಣಾವಧಿ ನೌಕರರದು. ಕರೆದಾಗ ಬಂದು, ದುಡಿದ ದಿನಕ್ಕೆ ಭತ್ಯೆ ಪಡೆಯುವವರೆಂದರೆ 1962ರ ಕಾಯಿದೆಯ ಗೃಹರಕ್ಷಕರು.

ಆದರೆ ಸಕಲೇಶಪುರದ ಗುಡ್ಡಗಳ ದೊಡ್ಡ ಬೆಂಕಿ ಮನೆಯದಲ್ಲ, ಹುಲ್ಲಿನದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಸೀಮೆ ಬೇಸಗೆಯಲ್ಲಿ ಉರಿಯುತ್ತದೆ ಎಂದರೆ ಬಯಲುಸೀಮೆಯವರು ನಂಬುವುದಿಲ್ಲ. ಆ ಮಳೆಯೇ ಬೆಳೆಸಿದ ಹುಲ್ಲು ಶಿವರಾತ್ರಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ. ಶೋಲೆಯ ಕಾಡು ಮಡಿಲುಗಳಲ್ಲಿ, ಹುಲ್ಲು ನೆತ್ತಿಯ ಮೇಲೆ. ಬೆಂಕಿ ಏರಿನಲ್ಲಿ ಓಡುವ ವೇಗ ಇಳಿಜಾರಿನಲ್ಲಿಲ್ಲ, ಏಕೆಂದರೆ ಕೆಳಗಿನ ಉರಿ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸಿಟ್ಟಿರುತ್ತದೆ. ಅಲ್ಲಿಗೆ ಎಂಜಿನ್ ಏರದು, ನೀರು ದೊರೆಯದು. ಹಸಿಸೊಪ್ಪಿನ ಟೊಂಗೆಯಿಂದ ಬಡಿಯಬೇಕು. ಬಡಿಯಲಾಗದಿದ್ದರೆ ಎದುರುಬೆಂಕಿ ಕೊಡಬೇಕು. ಗಾಳಿ ಯಾವ ಹೊತ್ತಿನಲ್ಲಿ ತಿರುಗುವುದೆಂದು ದನ ಮೇಯಿಸಿದವನಿಗೆ ಗೊತ್ತಿರುತ್ತಿತ್ತು. ಹೊಸ ಚಿಗುರಿಗಾಗಿ ಆ ಹುಲ್ಲಿಗೆ ಬೆಂಕಿ ಇಡುತ್ತಿದ್ದವರಲ್ಲಿ ಅವನೂ ಒಬ್ಬನೆಂಬುದನ್ನು ಮರೆಮಾಚಬೇಕಿಲ್ಲ.

ಬ್ರಿಟಿಷರ ಕಾನೂನಿಗೆ ಇದು ತಿಳಿದಿತ್ತು. ಕಾಯ್ದಿಟ್ಟ ಕಾಡಿನಲ್ಲಿ ಸೌದೆ, ಮೇವುಗಳ ಹಕ್ಕುಳ್ಳವನು ಅಲ್ಲಿ ಬೆಂಕಿ ಬಿದ್ದರೆ ನಂದಿಸಲು ಮುಂದಾಗಲೇಬೇಕೆಂದು 1927ರ ಭಾರತೀಯ ಅರಣ್ಯ ಕಾಯಿದೆ ವಿಧಿಸಿತು. ಕೌಟಿಲ್ಯನ ಲೆಕ್ಕವೇ: ಪಾಲಿದ್ದವನು ಓಡಬೇಕು. ಮುಂದೆ ಪಾಲು ಕರಗುತ್ತ ಬಂತು. ಗೋಮಾಳ ತೋಟವಾಯಿತು, ದನಗಳು ಕಡಿಮೆಯಾದವು, ಕಾಡಿನಲ್ಲಿ ಕಾಲಿಟ್ಟವನು ಅಪರಾಧಿಯಂತಾದ. ಕಾಡಿನ ಬೆಂಕಿ ಸರ್ಕಾರದ ಬೆಂಕಿಯಾಯಿತು. ಜನ ಸ್ವಾರ್ಥಿಗಳಾದರೆಂದು ಕೆಲವರು ಹಳಿಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹಕ್ಕನ್ನು ಕಿತ್ತುಕೊಂಡು ಓಟವನ್ನು ಮಾತ್ರ ಕೇಳಿದರೆ ಯಾರು ಓಡುತ್ತಾರೆ?

2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಬಳಿ ಕಾಳ್ಗಿಚ್ಚು ನಂದಿಸಹೋದ ಅರಣ್ಯ ಸಿಬ್ಬಂದಿ ಉರಿಗೆ ಸಿಕ್ಕಿದರು. ಕೆಲವರು ಗಾಯಗೊಂಡರು; ಒಬ್ಬರು ಬದುಕಲಿಲ್ಲ. ಸುದ್ದಿ ಓದಿದಾಗ, ಬಣವೆಯ ಮುಂದೆ ನಿಂತು ಯಾವುದು ಉಳಿಯದೆಂದು ಒಂದೇ ನೋಟಕ್ಕೆ ಹೇಳಿದ ಆ ಹಿರಿಯರು ನನ್ನ ಕಣ್ಣಮುಂದೆ ಬಂದರು.

ಈಗ ಬೇಸಗೆಯಲ್ಲಿ ಊರಿಗೆ ಹೋದರೆ ಕೂಗು ಕೇಳಿಸುವುದಿಲ್ಲ. ಯಾರದೋ ಮೊಬೈಲಿಗೆ ಹೊಗೆಯ ಚಿತ್ರ ಬರುತ್ತದೆ. ಗುಡ್ಡಕ್ಕೆ ಮೊದಲು ಹೊರಡುವವರು ಬೇಸಗೆಯ ಮಟ್ಟಿಗೆಂದು ದಿನಗೂಲಿಯ ಮೇಲೆ ತೆಗೆದುಕೊಂಡ ಬೆಂಕಿ ಕಾವಲುಗಾರರು, ಸುತ್ತಲ ಹಳ್ಳಿಗಳ ಹುಡುಗರೇ. ಕಾಫಿ ಬೆಳೆಗಾರರೆಲ್ಲ ಮುಗಿಲು ನೋಡುತ್ತ ಹೂಮಳೆಗೆ ಕಾಯುತ್ತಿರುತ್ತಾರೆ. ಅದು ಚೆನ್ನಾಗಿ ಬಿದ್ದರೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಆ ಹುಡುಗರ ಕೂಲಿ ನಿಲ್ಲುತ್ತದೆ.