ದುಭಾಷಿಯ ಮಾತು, ಪ್ರವಾಸಿಯ ಕಣ್ಣು

ಕ್ರಿ.ಶ. 1623ರ ಫೆಬ್ರವರಿ ತಿಂಗಳಲ್ಲಿ ಸೂರತ್ ಬಂದರಿನಲ್ಲಿ ಬಂದಿಳಿದ ಪಿಯೆತ್ರೊ ದೆಲ್ಲಾ ವಾಲ್ಲೆ ರೋಮ್ ನಗರದ ಕುಲೀನ ಮನೆತನದವನು. ವ್ಯಾಪಾರ ಅವನ ಉದ್ದೇಶವಾಗಿರಲಿಲ್ಲ, ಮತಪ್ರಚಾರವೂ ಅಲ್ಲ. ದೇಶಗಳನ್ನು ನೋಡಬೇಕೆಂಬ ಹಂಬಲವೊಂದೇ ಅವನನ್ನು 1614ರಲ್ಲಿ ವೆನಿಸ್ಸಿನಿಂದ ಹೊರಡಿಸಿತ್ತು. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಉಳಿದು ತುರ್ಕಿ ಭಾಷೆಯನ್ನು ಕಲಿತನು. ಅರಬ್ಬಿ ಮತ್ತು ಫಾರಸಿ ಭಾಷೆಗಳಲ್ಲಿಯೂ ಪರಿಶ್ರಮ ಪಡೆದನು. ಬಾಗ್ದಾದಿನಲ್ಲಿ ಮಆನಿ ಎಂಬ ಕ್ರೈಸ್ತ ಕನ್ಯೆಯನ್ನು ವಿವಾಹವಾದನು. 1621ರ ಡಿಸೆಂಬರಿನಲ್ಲಿ ಪರ್ಷಿಯಾದ ತೀರದಲ್ಲಿ ಆಕೆ ಮೃತಳಾದಾಗ, ಶವವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು, ರೋಮಿನ ತನ್ನ ಕುಲದ ಸಮಾಧಿಸ್ಥಾನವನ್ನು ಸೇರಿಸುವವರೆಗೂ ಜೊತೆಯಲ್ಲಿಯೇ ಒಯ್ದನು. ಭಾರತದಲ್ಲಿ ಅವನು ಕಂಡುದನ್ನೆಲ್ಲ ಓದುವಾಗ ಈ ಪೆಟ್ಟಿಗೆಯನ್ನು ಮರೆಯಲಾಗದು.

ಭಾಷೆಯ ವಿಷಯದಲ್ಲಿ ಅವನು ಅಲಕ್ಷ್ಯದ ಮನುಷ್ಯನಲ್ಲ. 1621ರಲ್ಲಿ ಪರ್ಸೆಪೊಲಿಸ್‌ನ ಪಾಳು ಅರಮನೆಗಳಲ್ಲಿ, ಅಂದು ಜಗತ್ತಿನಲ್ಲಿ ಯಾರೂ ಓದಲಾರದಿದ್ದ ಬೆಣೆಯಾಕಾರದ ಲಿಪಿಯ ಕೆಲವು ಅಕ್ಷರಗಳನ್ನು ನಕಲು ಮಾಡಿಕೊಂಡು, ಆ ಬರಹ ಎಡದಿಂದ ಬಲಕ್ಕೆ ಸಾಗುತ್ತದೆಂದು ಊಹಿಸಿದನು. ಆ ಊಹೆ ನಿಜವಾಯಿತು. ಇಂಥವನು ಭಾರತಕ್ಕೆ ಬಂದಾಗ ಗುಜರಾತಿ, ಕೊಂಕಣಿ, ಕನ್ನಡ, ತುಳು ಇವುಗಳಲ್ಲಿ ಯಾವುದೂ ಅವನಿಗೆ ಬರುತ್ತಿರಲಿಲ್ಲ. ಮೊಗಲರ ಆಳ್ವಿಕೆಯ ಪ್ರದೇಶದಲ್ಲಿ ಫಾರಸಿ ಒಂದಿಷ್ಟು ನೆರವಾಯಿತು. ಗೋವೆಯ ದಕ್ಷಿಣಕ್ಕೆ ಅದೂ ಇಲ್ಲ. ದುಭಾಷಿಗಳೇ ಅವನ ಕಿವಿ ಮತ್ತು ನಾಲಗೆಗಳಾದರು. ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊ ಎಂಬುವನಿಗೆ ಅವನು ಬರೆದ ದೀರ್ಘ ಪತ್ರಗಳು ಇಂದು ಹದಿನೇಳನೆಯ ಶತಮಾನದ ಕರ್ಣಾಟಕದ ಇತಿಹಾಸಕ್ಕೆ ಅಮೂಲ್ಯ ಆಕರಗಳೆನಿಸಿವೆ. ಆದರೆ ಆ ಪತ್ರಗಳಲ್ಲಿ ಅವನು ಕಂಡದ್ದು ಯಾವುದು, ಇತರರ ಬಾಯಿಂದ ಕೇಳಿದ್ದು ಯಾವುದು ಎಂದು ಬೇರ್ಪಡಿಸದೆ ಓದಿದರೆ ಆಗುವ ಅನ್ಯಾಯ ಸಣ್ಣದಲ್ಲ.

ಕಂಡದ್ದರಲ್ಲಿ ಅತ್ಯಂತ ಪ್ರಸಿದ್ಧವಾದುದು ಖಂಭಾತದ ಪಕ್ಷಿಗಳ ಆಸ್ಪತ್ರೆ. ಗುಜರಾತಿನ ಜೈನ ಹಾಗೂ ವೈಷ್ಣವ ವಣಿಕರು ತಲೆತಲಾಂತರದಿಂದ ನಡೆಸಿಕೊಂಡು ಬಂದಿರುವ ಪಾಂಜರಾಪೋಳಗಳ ಪೂರ್ವರೂಪ ಅದು. ರೋಗಪೀಡಿತವಾದ, ಕುಂಟಾದ, ಜೊತೆಯಿಂದ ಅಗಲಿದ ಹಕ್ಕಿಗಳನ್ನು ಅಲ್ಲಿ ಸಾಕುತ್ತಿದ್ದರು. ಗುಣವಾದ ಮೇಲೆ ಕಾಡಿನ ಹಕ್ಕಿಗಳನ್ನು ಹಾರಲು ಬಿಡುತ್ತಿದ್ದರು. ಮನೆಯ ಹಕ್ಕಿಗಳನ್ನು ಧರ್ಮಬುದ್ಧಿಯುಳ್ಳ ಗೃಹಸ್ಥರಿಗೆ ಕೊಡುತ್ತಿದ್ದರು. ಅಲ್ಲಿಯೇ ತಾಯಿಯಿಲ್ಲದ ಕೆಲವು ಇಲಿಮರಿಗಳಿದ್ದವು. ಬಿಳಿಯ ಗಡ್ಡದ ವೃದ್ಧನೊಬ್ಬನು ಅವನ್ನು ಹತ್ತಿಯ ನಡುವೆ ಪೆಟ್ಟಿಗೆಯಲ್ಲಿಟ್ಟು, ಮೂಗಿನ ಮೇಲೆ ಕನ್ನಡಕವಿರಿಸಿಕೊಂಡು, ಹಕ್ಕಿಯ ಗರಿಯೊಂದರಿಂದ ಹಾಲು ಕುಡಿಸುತ್ತಿದ್ದನು. ಬೇರೇನನ್ನೂ ತಿನ್ನಲಾರದಷ್ಟು ಚಿಕ್ಕ ಮರಿಗಳು ಅವು. ಬೆಳೆದ ಮೇಲೆ ಬಿಟ್ಟುಬಿಡುವುದಾಗಿ ಆತನು ಹೇಳಿದನಂತೆ.

ಆಡು, ಕುರಿಗಳಿಗಾಗಿ ಇದ್ದ ಇನ್ನೊಂದು ಶಾಲೆಯಲ್ಲಿ ದೆಲ್ಲಾ ವಾಲ್ಲೆ ಒಬ್ಬ ಮನುಷ್ಯನನ್ನೂ ಕಂಡನು. ಕಳವಿಗಾಗಿ ಎರಡೂ ಕೈಗಳನ್ನು ಕತ್ತರಿಸಲ್ಪಟ್ಟ ಮುಸಲ್ಮಾನನು ಅವನು. ದುಡಿದು ಉಣ್ಣಲಾರದ ಅವನು ಹಸಿವಿನಿಂದ ಸಾಯಬಾರದೆಂದು ಆ ಜನರು ಮೂಕಪ್ರಾಣಿಗಳ ನಡುವೆ ಅವನಿಗೂ ಆಶ್ರಯ ಕೊಟ್ಟಿದ್ದರು. ಅವನ ಮತವನ್ನಾಗಲಿ ಅಪರಾಧವನ್ನಾಗಲಿ ಅವರು ಎಣಿಸಿದಂತೆ ಕಾಣುವುದಿಲ್ಲ.

ದೆಲ್ಲಾ ವಾಲ್ಲೆ ಇದನ್ನೆಲ್ಲ ಅನ್ಯಧರ್ಮೀಯರ ದಯೆಯೆಂದು ಸಾಮಾನ್ಯವಾಗಿ ಹೇಳಿ, ಆತ್ಮದ ಪುನರ್ಜನ್ಮದ ನಂಬಿಕೆಯೊಡನೆ ಜೋಡಿಸುತ್ತಾನೆ. ಅಹಿಂಸೆಯೆಂಬ ಪದವಾಗಲಿ, ಅದರ ಹಿಂದಿರುವ ಜೀವತತ್ತ್ವದ ವಿಚಾರವಾಗಲಿ ಅವನನ್ನು ತಲುಪಲಿಲ್ಲ. ಆದರೂ ಅವನ ವರ್ಣನೆ ಸುಳ್ಳಾಗಲಿಲ್ಲ. ಗರಿಯ ತುದಿಯ ಹಾಲು ಭಾಷಾಂತರವನ್ನು ಬೇಡುವುದಿಲ್ಲ. ಅದೇ ಖಂಭಾತದಲ್ಲಿ ಪಂಡಿತನೊಬ್ಬನೊಡನೆ ಅವನು ತತ್ತ್ವವಿಚಾರ ಮಾಡಲು ಹೊರಟಾಗ ಏನಾಯಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರಹ್ಮನೂ ಗ್ರೀಸಿನ ತತ್ತ್ವಜ್ಞಾನಿ ಪೈಥಾಗೊರಸನೂ ಒಬ್ಬನೇ ಎಂಬ ವಿಚಿತ್ರ ಸುದ್ದಿ ಆ ಸಂಭಾಷಣೆಯಿಂದ ಹೊರಬಿತ್ತು! ಪುನರ್ಜನ್ಮದ ಮಾತು ಬಂದಾಗಲೆಲ್ಲ ಯುರೋಪಿಯನ್ನರಿಗೆ ನೆನಪಾಗುತ್ತಿದ್ದ ಹೆಸರು ಪೈಥಾಗೊರಸನದು. ಅದು ಮೊದಲು ಯಾರ ಬಾಯಿಂದ ಯಾರ ಕಿವಿಗೆ ಹೋಗಿ, ತಿರುಗಿ ಯಾವ ರೂಪದಲ್ಲಿ ಬಂದಿತೋ ಕಲ್ಪಿಸುವುದು ಕಷ್ಟ. ದೆಲ್ಲಾ ವಾಲ್ಲೆ ಇದನ್ನು ನಂಬಲಿಲ್ಲ. ಪಂಡಿತನ ಅಪ್ಪಣೆ ಬೇಡಿಯೇ ತನ್ನ ಅವಿಶ್ವಾಸವನ್ನು ದಾಖಲಿಸಿದನು.

ಅದೇ ವರ್ಷದ ಅಕ್ಟೋಬರಿನಲ್ಲಿ ಗೋವೆಯ ಪೋರ್ತುಗೀಜ್ ಸರಕಾರವು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿದಾಗ ದೆಲ್ಲಾ ವಾಲ್ಲೆ ಅವನೊಡನೆ ಹೊರಟನು. ಗೋವೆಯಲ್ಲಿ ನಾಯಕನ ಪ್ರತಿನಿಧಿಯಾಗಿದ್ದ ವಿಠಲ ಶೆಣೈ ಕೂಡ ಆ ಪರಿವಾರದಲ್ಲಿದ್ದನು. ಹೊನ್ನಾವರದವರೆಗೆ ಸಮುದ್ರಮಾರ್ಗ, ಅಲ್ಲಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆ, ಬಳಿಕ ಘಟ್ಟದ ಕಾಡುದಾರಿ.

ಈ ದಾರಿಯ ದೇವಾಲಯವೊಂದರ ಜಗಲಿಯಲ್ಲಿ ಅವನು ಕಂಡ ನಾಲ್ವರು ಬಾಲಕರ ಚಿತ್ರ ಕನ್ನಡನಾಡಿನ ಶಿಕ್ಷಣದ ಇತಿಹಾಸದಲ್ಲಿ ಎಂದೂ ಮಾಸದಂಥದು. ಹುಡುಗರು ಗುರುವಿಲ್ಲದೆ ಲೆಕ್ಕದ ಪಾಠವನ್ನು ರಾಗವಾಗಿ ಹಾಡುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಅದೇ ಅಂಕಿಯನ್ನು ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಹೊಸ ಮರಳು ಹರಡುವುದು. ಮರೆತರೆ ತಿದ್ದುವವರು ಯಾರೆಂದು ಕೇಳಿದ್ದಕ್ಕೆ, ನಾಲ್ವರೂ ಒಮ್ಮೆಲೇ ಮರೆಯುವುದು ಸಾಧ್ಯವಿಲ್ಲವೆಂದು ಆ ಮಕ್ಕಳು ಉತ್ತರ ಕೊಟ್ಟರು. ಪ್ರಶ್ನೆಯೂ ಉತ್ತರವೂ ದುಭಾಷಿಯ ಮೂಲಕವೇ ಹೋಗಿ ಬಂದಿರಬೇಕು. ಆದರೆ ಸುಳ್ಳು ಹೇಳುವುದರಿಂದ ಅಲ್ಲಿ ಯಾರಿಗೂ ಲಾಭವಿರಲಿಲ್ಲ.

ಇಕ್ಕೇರಿಯಲ್ಲಿ ನಡೆದ ಇನ್ನೊಂದು ಸಂಭಾಷಣೆಯ ಬಗೆಗೆ ಹಾಗೆ ಹೇಳಲಾಗದು. ತೆಲುಗು ಮೂಲದ ಮದ್ದಳೆಗಾರನೊಬ್ಬನ ವಿಧವೆಯು ಸಹಗಮನ ಮಾಡಲಿರುವಳೆಂದು ತಿಳಿದು ದೆಲ್ಲಾ ವಾಲ್ಲೆ ಆಕೆಯ ಮನೆಗೇ ಹೋದನು. ಅವನು ಬರೆದ ಆಕೆಯ ಹೆಸರು ಜಕ್ಕಮ್ಮ ಎಂಬಂತೆ ಕೇಳಿಸುತ್ತದೆ. ಚಿಕ್ಕ ಮಕ್ಕಳಿರುವಾಗ ಸಾಯಬಾರದೆಂದು ಅವನು ತಡೆಯಲು ಪ್ರಯತ್ನಿಸಿದನು. ಯಾರಾದರೂ ಬಲಾತ್ಕರಿಸುತ್ತಿರುವರೇ ಎಂದೂ ಕೇಳಿದನು. ಯಾರ ಒತ್ತಾಯವೂ ಇಲ್ಲ, ಇದು ತನ್ನದೇ ಸಂಕಲ್ಪ, ಮಕ್ಕಳನ್ನು ಬಂಧುಗಳು ನೋಡಿಕೊಳ್ಳುವರು ಎಂಬ ಉತ್ತರ ಬಂದಿತು. ಆಕೆಯ ಹೆಸರನ್ನು ಕಾವ್ಯದಲ್ಲಿ ಉಳಿಸುವುದಾಗಿ ಮಾತು ಕೊಟ್ಟು ಅವನು ಹಿಂದಿರುಗಿದನು. ಹೆಂಡತಿಯ ಶವದೊಡನೆ ಊರೂರು ಅಲೆಯುತ್ತಿದ್ದವನಿಗೆ ಗಂಡನೊಡನೆ ಸಾಯಹೊರಟವಳ ಮುಖದಲ್ಲಿ ಏನು ಕಂಡಿತೋ! ಆದರೆ ಬಂಧುಬಳಗ ಸುತ್ತ ನೆರೆದಿರುವಾಗ, ಪರದೇಶದ ಗಂಡಸೊಬ್ಬನು ಪರರ ಬಾಯಿಂದ ಕೇಳಿಸಿದ ಪ್ರಶ್ನೆಗೆ ಆಕೆ ಬೇರೆ ಯಾವ ಉತ್ತರವನ್ನು ಕೊಡಲು ಸಾಧ್ಯವಿತ್ತು? ಒಂದು ವೇಳೆ ಕೊಟ್ಟಿದ್ದರೂ ಅದು ಅವನನ್ನು ಹಾಗೆಯೇ ತಲುಪುತ್ತಿತ್ತೇ? ಆ ಸಹಗಮನವು ಸ್ವಸಂತೋಷದ್ದೆಂದು ಈ ಪತ್ರದ ಆಧಾರದಿಂದ ಬರೆಯುವವರು ಈ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ.

ಹಾಗೆಂದು ಕಣ್ಣು ಮಾತ್ರ ಸತ್ಯ, ಕಿವಿಯೆಲ್ಲ ಮಿಥ್ಯ ಎನ್ನುವಂತಿಲ್ಲ. ಡಿಸೆಂಬರಿನಲ್ಲಿ ಅವನು ಮಂಗಳೂರಿನಿಂದ ಒಳನಾಡಿನ ಮಣೇಲಿಗೆ ಹೋಗಿ ಉಳ್ಳಾಲದ ರಾಣಿಯನ್ನು ಕಂಡನು. ಅವನು ದಾಖಲಿಸಿದ ಹೆಸರು ಅಬ್ಬಕ್ಕದೇವಿ ಚೌಟ ಎಂಬುದರ ರೂಪ. ಚೌಟರು ತುಳುನಾಡಿನ ಜೈನ ಅರಸುಮನೆತನದವರು. ಆಕೆಯಿಂದ ಅಗಲಿದ ಪತಿ ಬಂಗರಸನೂ ಜೈನನೇ. ರಾಣಿ ತಾನು ಮಾಡಿಸುತ್ತಿದ್ದ ಅಗೆತದ ಕೆಲಸವನ್ನು ನೋಡಲು ಬರಿಗಾಲಿನಲ್ಲಿ, ಸಾದಾ ಹತ್ತಿಬಟ್ಟೆಯನ್ನುಟ್ಟು, ಓಲೆಯ ಕೊಡೆಯ ನೆರಳಿನಲ್ಲಿ ನಡೆದುಬರುತ್ತಿದ್ದಳು. ರೋಮಿನ ಕುಲೀನನ ಕಣ್ಣಿಗೆ ಆಕೆ ಅಡುಗೆಮನೆಯ ಆಳಿನಂತೆ ತೋರಿದಳು. ಅವನನ್ನು ನೋಡಿ ನಿಂತು, ಅವನು ಯಾರು, ಎಲ್ಲಿಂದ ಬಂದವನು, ಇಷ್ಟು ದೊಡ್ಡ ರಾಜ್ಯಗಳನ್ನು ನೋಡಿದವನು ತನ್ನ ಈ ಕಾಡಿಗೆ ಏಕೆ ಬಂದನು ಎಂದು ಆಕೆ ವಿಚಾರಿಸಿದಳು. ನಡುವೆ ದುಭಾಷಿಯಿದ್ದರೂ ಆ ಧ್ವನಿಯ ಸೌಮ್ಯತೆ, ಪ್ರಶ್ನೆಗಳ ವಿವೇಕ ಅವನ ಮನಸ್ಸನ್ನು ಬದಲಿಸಿದವು. ನೋಟಕ್ಕಿಂತ ಮಾತಿನಲ್ಲಿ ಆಕೆ ರಾಣಿಯಾಗಿ ಕಂಡಳೆಂದು ಅವನು ಒಪ್ಪಿಕೊಂಡನು. ಇಲ್ಲಿ ಮೋಸ ಹೋದದ್ದು ಕಣ್ಣು.

ಹೀಗಿರುವಾಗ ಗೇರುಸೊಪ್ಪೆಯ ರಾಣಿಯ ವಿಷಯವನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕಾಗಿದೆ. ಚೆನ್ನಭೈರಾದೇವಿ ಜೈನಧರ್ಮಾವಲಂಬಿಯಾದ ಸಾಳುವ ವಂಶದ ಅರಸಿ. ಅರ್ಧಶತಮಾನಕ್ಕೂ ಮಿಕ್ಕಿ ರಾಜ್ಯವಾಳಿದಳು. ಮೆಣಸಿನ ವ್ಯಾಪಾರವು ಕೈಯಲ್ಲಿದ್ದುದರಿಂದ ಪೋರ್ತುಗೀಜರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಆಕೆಯ ರಾಜ್ಯವನ್ನು ಕೊನೆಗೆ ಕಿತ್ತುಕೊಂಡವನು ಇಕ್ಕೇರಿಯ ವೆಂಕಟಪ್ಪನಾಯಕ. ದೆಲ್ಲಾ ವಾಲ್ಲೆ ಬಂದಾಗ ಅರಮನೆ ಪಾಳುಬಿದ್ದು, ಹುಲ್ಲು ಮರಗಳು ಬೆಳೆದಿದ್ದವು. ಅಷ್ಟು ಅವನು ಕಂಡದ್ದು. ಕೇಳಿದ್ದು ಇದು: ರಾಣಿಯು ಕೀಳುಸ್ಥಿತಿಯ ಪರಕೀಯನೊಬ್ಬನಲ್ಲಿ ಅನುರಕ್ತಳಾಗಿ ಅಧಿಕಾರವನ್ನೆಲ್ಲ ಅವನ ಕೈಗೆ ಒಪ್ಪಿಸಿದಳು, ಅವನು ತಿರುಗಿಬಿದ್ದನು, ಆ ಕಲಹದಲ್ಲಿ ವೆಂಕಟಪ್ಪನಾಯಕನು ಪ್ರವೇಶಿಸಿ ಎಲ್ಲವನ್ನೂ ವಶಪಡಿಸಿಕೊಂಡನು.

ಈ ಕಥೆಯನ್ನು ಅವನಿಗೆ ಹೇಳಬಹುದಾಗಿದ್ದವರು ಯಾರು? ಅವನ ಸುತ್ತ ಇದ್ದವರಲ್ಲಿ ಒಂದು ಪಕ್ಷ ರಾಣಿಯೊಡನೆ ಮೆಣಸಿಗಾಗಿ ದೀರ್ಘಕಾಲ ಜಗಳವಾಡಿದ ಪೋರ್ತುಗೀಜರು. ಇನ್ನೊಂದು ಪಕ್ಷ ರಾಜ್ಯವನ್ನು ಗೆದ್ದ ನಾಯಕನ ಸೇವಕರು. ರಾಣಿಯ ಪರವಾಗಿ ಮಾತನಾಡುವ ಒಂದು ನಾಲಗೆಯೂ ಆ ದೋಣಿಗಳಲ್ಲಿ ಇದ್ದಿರಲಾರದು. ಪರರ ರಾಜ್ಯವನ್ನು ಗೆದ್ದವನಿಗೆ, ಅದು ಒಡತಿಯ ದುರ್ನಡತೆಯಿಂದಲೇ ಹೋಯಿತೆಂಬ ಕಥೆಗಿಂತ ಅನುಕೂಲವಾದುದು ಮತ್ತೇನಿದೆ? ಕನ್ನಡ ಬಲ್ಲ ಪ್ರವಾಸಿಯಾಗಿದ್ದರೆ ದಡದಲ್ಲಿದ್ದ ಅಂಬಿಗನನ್ನೋ ಊರಿನ ಮುದುಕಿಯನ್ನೋ ಕೇಳಬಹುದಾಗಿತ್ತು. ಆ ದಾರಿ ಅವನಿಗೆ ಮುಚ್ಚಿತ್ತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ ಹೇಳುತ್ತದೆ; ಸ್ತ್ರೀಪುರುಷರ ಏಕಾಂತದ ವಿಷಯವನ್ನು ಹೊರಗೆಡಹುವ ದೋಷ ಅದು. ವಿಷಯ ನಿಜವಾಗಿದ್ದಾಗಲೂ ಅದು ದೋಷವೇ ಎಂಬುದನ್ನು ಶ್ರಾವಕರು ಬಲ್ಲರು. ಮೂರು ಬಾಯಿ, ಎರಡು ಭಾಷೆ ದಾಟಿ ಬಂದ ಏಕಾಂತದ ಮಾತಿಗೆ ಯಾವ ಬೆಲೆ? ಆದರೂ ದೆಲ್ಲಾ ವಾಲ್ಲೆಯ ಮರಣಾನಂತರ 1663ರಲ್ಲಿ ಇಟಲಿಯಲ್ಲಿ ಅಚ್ಚಾದ ಭಾರತದ ಪತ್ರಗಳು 1665ರಲ್ಲಿಯೇ ಇಂಗ್ಲಿಷಿಗೆ ಬಂದವು. 1892ರಲ್ಲಿ ಎಡ್ವರ್ಡ್ ಗ್ರೇ ಅವರ ಟಿಪ್ಪಣಿಗಳೊಡನೆ ಮತ್ತೆ ಪ್ರಕಟವಾದವು. ಬ್ರಿಟಿಷ್ ಕಾಲದ ವಿದ್ವಾಂಸರು ಅವನ್ನು ಆಧಾರವಾಗಿ ಬಳಸಿದರು. ದೋಣಿಯಲ್ಲಿ ಕೇಳಿದ ಮಾತಿಗೆ ಹೀಗೆ ಪ್ರಮಾಣಗ್ರಂಥದ ಗೌರವ ದೊರೆಯಿತು. ದೆಲ್ಲಾ ವಾಲ್ಲೆಯನ್ನೇ ಇದಕ್ಕೆ ದೂಷಿಸುವುದು ಸರಿಯಲ್ಲ. ಬ್ರಹ್ಮ ಪೈಥಾಗೊರಸರ ಕಥೆಯನ್ನು ಅವನು ಸಂದೇಹಿಸಿದ್ದು ತನಗೆ ಪೈಥಾಗೊರಸನು ಗೊತ್ತಿದ್ದುದರಿಂದ. ಚೆನ್ನಭೈರಾದೇವಿ ಅವನಿಗೆ ಗೊತ್ತಿರಲಿಲ್ಲ. ಆದರೆ ಗ್ರಂಥಗಳೂ ಶಾಸನಗಳೂ ಕೈಗೆ ಸಿಕ್ಕ ಮೇಲೆಯೂ ಅದನ್ನೇ ತಿರುತಿರುಗಿ ಬರೆದವರಿಗೆ ಆ ಸಮಾಧಾನವಿಲ್ಲ.

ಗೇರುಸೊಪ್ಪೆಯ ಕಾಡಿನ ನಡುವೆ ಶರಾವತಿಯ ತೀರದಲ್ಲಿ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಆ ಪಾಳುನಗರದ ಶಾಸನಗಳು ದಾನಗಳನ್ನು, ಬಸದಿಗಳನ್ನು, ದಾನಿಗಳ ಹೆಸರುಗಳನ್ನು ಹೇಳುತ್ತವೆ. 1623ರಲ್ಲಿ ಅಲ್ಲಿ ಇಳಿದು ಮುಂದೆ ಸಾಗಿದ ಪ್ರವಾಸಿಗೆ ಅವನ್ನು ಓದಿ ಹೇಳುವವರು ಯಾರೂ ಜೊತೆಯಲ್ಲಿರಲಿಲ್ಲ.