ಕಟ್ಟಡ ಬೀಳಿಸಲು ಯಾರನ್ನು ಕರೆಯಬೇಕು?

ನೊಯ್ಡಾದ ಅವಳಿ ಗೋಪುರಗಳು 2022ರ ಆಗಸ್ಟ್ 28ರ ಮಧ್ಯಾಹ್ನ ನೆಲಕ್ಕುರುಳಿದಾಗ ಇಡೀ ದೇಶ ಟೀವಿ ಮುಂದೆ ಕೂತಿತ್ತು. ಸುಮಾರು 3,700 ಕಿಲೋ ಸ್ಫೋಟಕ, ನೂರು ಮೀಟರಿನಷ್ಟು ಎತ್ತರ, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದ ದೂಳಿನ ಮೋಡ. ಜನರ ನೆನಪಿನಲ್ಲಿ ಉಳಿದದ್ದು ಇಷ್ಟೇ. ಆದರೆ ಸಿಡಿಮದ್ದಿನಿಂದ ಕಟ್ಟಡ ಕೆಡವುವ ಕಸುಬಿನ ಚರಿತ್ರೆಯನ್ನು ಓದುತ್ತ ಹೋದರೆ, ಆ ಕೆಲವು ಸೆಕೆಂಡುಗಳ ಹಣೆಬರಹ ತಿಂಗಳುಗಳ ಮೊದಲೇ, ಗುತ್ತಿಗೆ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮೇಜಿನ ಮೇಲೆಯೇ ನಿರ್ಧಾರವಾಗಿರುತ್ತದೆ ಎಂಬುದು ಕಾಣುತ್ತದೆ. ಮದ್ದು ಸಿಡಿಸಬಲ್ಲವರೆಲ್ಲ ಕಟ್ಟಡ ಕೆಡವಬಲ್ಲವರು ಎಂದು ನಂಬಿದಲ್ಲೆಲ್ಲ ಅನಾಹುತ ಕಾದಿತ್ತು.

ಈ ನಂಬಿಕೆ ಹಳೆಯದು. 1666ರಲ್ಲಿ ಲಂಡನ್ ಹೊತ್ತಿ ಉರಿದಾಗ, ಬೆಂಕಿಯ ದಾರಿಗೆ ಅಡ್ಡವಾಗಿ ಬಯಲು ಮಾಡಲೆಂದು ಸಾಲುಮನೆಗಳನ್ನು ಕೋವಿಮದ್ದು ಇಟ್ಟು ಹಾರಿಸಿದರು. ಅಲ್ಲಿ ಬೇಕಾಗಿದ್ದುದು ಮನೆ ಇಲ್ಲವಾಗುವುದು, ಅಷ್ಟೇ. ಎತ್ತ ಬೀಳುತ್ತದೆ, ಚೂರು ಎಲ್ಲಿಗೆ ಹಾರುತ್ತದೆ ಎಂಬ ಲೆಕ್ಕ ಇರಲಿಲ್ಲ. ಅದೇ ಉಪಾಯವನ್ನು 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತ್ತೆ ಮಾಡಿ ನೋಡಿದರು. ಅಷ್ಟರೊಳಗೆ ಆಲ್‌ಫ್ರೆಡ್ ನೊಬೆಲ್‌ನ ಡೈನಮೈಟ್ ಬಂದು ಸುಮಾರು ನಾಲ್ಕು ದಶಕಗಳೇ ಕಳೆದಿದ್ದವು. ಆದರೆ ನಗರದ ಅಗ್ನಿಶಾಮಕ ಮುಖ್ಯಸ್ಥ ಡೆನಿಸ್ ಸಲ್ಲಿವನ್ ಭೂಕಂಪದಲ್ಲೇ ಮಾರಣಾಂತಿಕವಾಗಿ ಗಾಯಗೊಂಡಿದ್ದರು; ಮನೆ ಹಾರಿಸುವ ಕೆಲಸ ಹೆಚ್ಚಾಗಿ ಸೈನಿಕರ ಪಾಲಾಯಿತು. ಡೈನಮೈಟ್ ಸಾಲದೆಡೆ ಕರಿಮದ್ದನ್ನೂ ಬಳಸಿದ್ದರಿಂದ ಎಷ್ಟೋ ಕಡೆ ಹಾರಿಸಿದ ಮನೆಗಳಿಂದಲೇ ಹೊಸ ಬೆಂಕಿ ಹುಟ್ಟಿತು. ಸೈನಿಕರಿಗೆ ಮದ್ದು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ.

ಕಟ್ಟಡ ಕೆಡವುವುದು ಲೆಕ್ಕಾಚಾರದ ಕಸುಬಾಗಿ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ. ಅರಣ್ಯಶಾಸ್ತ್ರ ಓದಿದ್ದ ಜ್ಯಾಕ್ ಲೊಯ್ಜೋ ಮೊದಮೊದಲು ಡೈನಮೈಟ್ ಇಟ್ಟು ಮರದ ಬೊಡ್ಡೆ ಕೀಳುತ್ತಿದ್ದವರು. ಅಲ್ಲಿಂದ ಹೊಗೆಕೊಳವೆಗಳಿಗೆ, ಆಮೇಲೆ ಬಹುಮಹಡಿ ಕಟ್ಟಡಗಳಿಗೆ ಬಂದರು. ಅವರ ಕುಟುಂಬದ ಕಂಪನಿ ಜಗತ್ತಿಗೆ ತೋರಿಸಿದ ತತ್ತ್ವ ಸರಳ: ಕಟ್ಟಡವನ್ನು ಕೆಡವುವುದು ಮದ್ದಲ್ಲ, ಅದರ ಸ್ವಂತ ಭಾರ. ಆಯ್ದ ಕಂಬಗಳಲ್ಲಿ ತೂತು ಕೊರೆದು, ಅಳೆದಷ್ಟೇ ಸ್ಫೋಟಕ ತುಂಬಿ, ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದರಂತೆ ಸಿಡಿಸಿದರೆ ಆಧಾರ ತಪ್ಪಿದ ಮಹಡಿಗಳು ಬೇಕಾದ ಕಡೆಗೆ ವಾಲಿ ಕೂರುತ್ತವೆ. ಯಾವ ಕಂಬವನ್ನು ಬಿಡಬೇಕು, ಯಾವುದನ್ನು ಮೊದಲು ಮುರಿಯಬೇಕು ಎನ್ನುವುದು ಸ್ಟ್ರಕ್ಚರಲ್ ಎಂಜಿನಿಯರಿಂಗಿನ ಪ್ರಶ್ನೆ. ಕ್ವಾರಿಯ ಬಂಡೆಗೆ ಇಂಥ ಪ್ರಶ್ನೆಯೇ ಇಲ್ಲ. ಅದು ಒಡೆದರೆ ಸಾಕು.

ಈ ವ್ಯತ್ಯಾಸದ ಬೆಲೆ ಎಷ್ಟೆಂದು ತಿಳಿದದ್ದು 1997ರ ಜುಲೈ 13ರಂದು, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ಸರೋವರದ ದಂಡೆಯ ಹಳೆಯ ಆಸ್ಪತ್ರೆ ಬೀಳುವುದನ್ನು ಹಬ್ಬದಂತೆ ನೋಡಲು ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಕಂಬಗಳಲ್ಲಿ ಉಕ್ಕಿತ್ತು. ಕಾಂಕ್ರೀಟನ್ನು ಪುಡಿಮಾಡುವ ಮದ್ದು ಉಕ್ಕಿಗೆ ಸಲ್ಲುವುದಿಲ್ಲ; ಉಕ್ಕಿಗೆ ಕತ್ತರಿಸುವ ಬಗೆಯ ವಿಶೇಷ ಸ್ಫೋಟಕವೇ ಬೇಕು. ಅದರ ಬದಲು ಮದ್ದಿನ ಪ್ರಮಾಣವನ್ನು ಏರಿಸಲಾಗಿತ್ತು. ಮುಖ್ಯ ಕಟ್ಟಡ ಪೂರ್ತಿ ಬೀಳಲಿಲ್ಲ; ಸುಮಾರು ಒಂದು ಕಿಲೋ ತೂಕದ ಉಕ್ಕಿನ ಚೂರು ನಾನೂರಕ್ಕೂ ಹೆಚ್ಚು ಮೀಟರ್ ನೀರಿನ ಮೇಲೆ ಹಾರಿ ಬಂದು, ಆಚೆ ದಡದಲ್ಲಿ ನಿಂತಿದ್ದ 12 ವರ್ಷದ ಹುಡುಗಿಯ ಪ್ರಾಣ ತೆಗೆಯಿತು. 1999ರ ವಿಚಾರಣಾ ವರದಿ ಮದ್ದಿಟ್ಟವರನ್ನು ಮಾತ್ರ ದೂಷಿಸಿ ಸುಮ್ಮನಾಗಲಿಲ್ಲ. ಅವರನ್ನು ಆರಿಸಿದ, ಮೇಲ್ವಿಚಾರಣೆ ಮಾಡಬೇಕಾಗಿದ್ದ ವ್ಯವಸ್ಥೆಯನ್ನೂ ಕಟಕಟೆಗೆ ತಂದಿತು.

ಮದ್ದು ಸಿಡಿಸುವುದಕ್ಕೂ ಕಟ್ಟಡ ಕೆಡವುವುದಕ್ಕೂ ಇರುವ ಈ ಭೇದವನ್ನು ನಮ್ಮ ದೇಶದ ಕಾನೂನು ಎಷ್ಟು ಗುರುತಿಸಿದೆ? 1884ರ ಸ್ಫೋಟಕ ಕಾಯ್ದೆಯೂ ಅದರಡಿ ಬಂದ 2008ರ ನಿಯಮಗಳೂ ಮದ್ದಿನ ಸುತ್ತ ಹೆಣೆದವು: ಯಾರು ತಯಾರಿಸಬಹುದು, ಎಲ್ಲಿ ದಾಸ್ತಾನಿಡಬಹುದು, ಹೇಗೆ ಸಾಗಿಸಬೇಕು, ಯಾರು ಸಿಡಿಸಬಹುದು. ಇದು ಬೇಕೇಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಸ್ಫೋಟಕ ಸಿಡಿದು ನಡುಗಿದ್ದನ್ನು ಕಂಡ ಕರ್ನಾಟಕಕ್ಕೆ ಆ ಕಟ್ಟುನಿಟ್ಟಿನ ಅಗತ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಜಿಲೆಟಿನ್ ಕಡ್ಡಿ ಇಟ್ಟುಕೊಳ್ಳುವ ಪರವಾನಗಿಯಿಂದ ಹತ್ತೊಂಬತ್ತು ಮಹಡಿಯನ್ನು ಪಕ್ಕದ ಮನೆಗೆ ಪೆಟ್ಟಾಗದಂತೆ ಇಳಿಸುವ ಯೋಗ್ಯತೆ ಸಾಬೀತಾಗದು. ಆ ಯೋಗ್ಯತೆಯನ್ನು ಪ್ರತಿ ಬಾರಿಯೂ ಪ್ರತ್ಯೇಕವಾಗಿಯೇ ಹುಡುಕಬೇಕಾಯಿತು. ಕೊಚ್ಚಿಯ ಮರಡುವಿನಲ್ಲಿ ಕರಾವಳಿ ನಿಯಮ ಮೀರಿದ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಕೆಡವುವ ಮುನ್ನ ತಾಂತ್ರಿಕ ಸಮಿತಿ ಕೂತು ಗುತ್ತಿಗೆದಾರರನ್ನು ಅಳೆದಿತ್ತು. ಮುಂಬೈಯ ಎಡಿಫಿಸ್ ದಕ್ಷಿಣ ಆಫ್ರಿಕದ ಜೆಟ್ ಡೆಮಾಲಿಷನ್ ಜೊತೆಗೂಡಿ ಬಂದಿತು. ಇನ್ನೊಂದು ಪಾಲು ಚೆನ್ನೈಯ ವಿಜಯ್ ಸ್ಟೀಲ್ಸ್‌ಗೆ ಹೋಯಿತು. ಗೋಲ್ಡನ್ ಕಾಯಲೋರಂ ಕಟ್ಟಡಕ್ಕೆ ಅಂಟಿದಂತಿದ್ದ ಪುಟ್ಟ ಅಂಗನವಾಡಿ ದೂಳು ಅಡಗಿದ ಮೇಲೂ ನಿಂತೇ ಇತ್ತು. ಗುತ್ತಿಗೆದಾರರ ಯೋಗ್ಯತೆಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ.

ಯೋಗ್ಯತೆ ನೋಡಿಯೇ ಗುತ್ತಿಗೆ ಕೊಡಬೇಕೆಂಬ ವಾದಕ್ಕೆ ಎರಡು ಆಕ್ಷೇಪಗಳಿವೆ. ಅನುಭವಸ್ಥರೇ ಬೇಕೆಂದು ಪಟ್ಟು ಹಿಡಿದರೆ ಕೆಲಸ ಬೆರಳೆಣಿಕೆಯ ಕಂಪನಿಗಳ ಸೊತ್ತಾಗುತ್ತದೆ, ಖರ್ಚು ಏರುತ್ತದೆ, ಹೊಸಬರು ಬೆಳೆಯುವುದಿಲ್ಲ ಎನ್ನುವುದು ಮೊದಲನೆಯದು. ಮಾತು ಸುಳ್ಳಲ್ಲ. ಆದರೆ ಪರಿಹಾರ ಮಾನದಂಡವನ್ನು ಸಡಿಲಿಸುವುದರಲ್ಲಿಲ್ಲ. ಮರಡುವಿನಲ್ಲಿ ಭಾರತೀಯ ಕಂಪನಿ ವಿದೇಶಿ ಪರಿಣತರ ಹೆಗಲಿಗೆ ಹೆಗಲು ಕೊಟ್ಟು ಕಲಿತಂತೆ, ಹೊಸಬರು ಬಲ್ಲವರ ಜೊತೆಯಲ್ಲೇ ಒಳಗೆ ಬರಲಿ. ಬಲ್ಲವರೂ ಎಡವುತ್ತಾರಲ್ಲ ಎಂಬುದು ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ. ನೊಯ್ಡಾ ಕೆಲಸ ಮುಗಿಸಿದ ಅದೇ ಎಡಿಫಿಸ್ ಒಂದೇ ತಿಂಗಳ ನಂತರ, 2022ರ ಅಕ್ಟೋಬರ್ 2ರ ನಡುರಾತ್ರಿ, ಪುಣೆಯ ಚಾಂದನಿ ಚೌಕದ ಹಳೆಯ ಸೇತುವೆಗೆ ಮದ್ದಿಟ್ಟಾಗ ಕಾಂಕ್ರೀಟ್ ಉದುರಿ ಸರಳುಗಳ ಹಂದರ ಉಳಿಯಿತು; ಯಂತ್ರ ತಂದು ಮಿಕ್ಕದ್ದನ್ನು ಕೀಳಬೇಕಾಯಿತು. ಆದರೆ ಸುತ್ತಲ ಜಾಗ ಮೊದಲೇ ತೆರವಾಗಿದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಕ್ಯಾನ್‌ಬೆರಾದಲ್ಲಿ ಕಟ್ಟಡವೂ ಪೂರ್ತಿ ಬೀಳಲಿಲ್ಲ, ಪುಣೆಯಲ್ಲಿ ಸೇತುವೆಯೂ ಬೀಳಲಿಲ್ಲ. ಒಂದು ಕಡೆ ಸಾವು, ಇನ್ನೊಂದು ಕಡೆ ಮುಜುಗರ. ಪರಿಣತಿಯಿಂದ ಕೇಳಬೇಕಾದ್ದು ಈ ಅಂತರವನ್ನೇ: ಲೆಕ್ಕ ತಪ್ಪಿದರೂ ಜೀವ ಹೋಗದಂತೆ ಸಿದ್ಧವಾಗಿರುವುದು.

ಹಾಗಾದರೆ ಗುತ್ತಿಗೆ ಕೊಡುವ ನಗರಸಭೆಯಾಗಲಿ ಮಾಲೀಕರಾಗಲಿ ಏನನ್ನು ನೋಡಬೇಕು? ನೊಯ್ಡಾದಲ್ಲಿ 2022ರ ಏಪ್ರಿಲ್‌ನ ಪರೀಕ್ಷಾ ಸ್ಫೋಟದಿಂದ ಕಟ್ಟಡ ಊಹಿಸಿದ್ದಕ್ಕಿಂತ ಗಟ್ಟಿ ಎಂದು ತಿಳಿದಾಗ ಮೇ 22ರ ಗಡುವು ಮುಂದಕ್ಕೆ ಹೋಯಿತು, ಸುಪ್ರೀಂ ಕೋರ್ಟೂ ಒಪ್ಪಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಹೊರಗಿನ ಕಣ್ಣಾಗಿ ಪರಿಶೀಲಿಸಿತು. ಕಟ್ಟಡ ಯಾವ ಬಗೆಯದೋ ಅದೇ ಬಗೆಯದನ್ನು ಹಿಂದೆ ಕೆಡವಿದ ದಾಖಲೆ, ಪರೀಕ್ಷಾ ಸ್ಫೋಟ, ಸ್ವತಂತ್ರ ತಜ್ಞರ ತಪಾಸಣೆ, ನೆರೆಹೊರೆಗೆ ವಿಮೆ, ಸಮಯ ಬೇಕೆಂದು ಕೇಳುವ ಧೈರ್ಯ: ಇವಿಷ್ಟನ್ನು ಟೆಂಡರಿನಲ್ಲಿ ದರಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯದೆ, ಅತಿ ಕಡಿಮೆ ದರ ಕೂಗಿದವರಿಗೆ ಕೀಲಿ ಒಪ್ಪಿಸುವ ಅಧಿಕಾರಿ ಅಪಘಾತದ ದಿನ ಗುತ್ತಿಗೆದಾರನತ್ತ ಮಾತ್ರ ಬೆರಳು ತೋರಿಸುವ ಹಕ್ಕು ಕಳೆದುಕೊಂಡಿರುತ್ತಾರೆ.